ಚುಕ್ಕೆಗಳೊಳಗಿನ ಅನ್ನಪೂರ್ಣಮ್ಮ

ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರಿನ ಸ್ಟುಡಿಯೋದಲ್ಲಿ ಒಬ್ಬಳು ಹುಡುಗಿ ಫೋಟೋಗಳನ್ನು ಟೈಪ್ ಮಾಡುತ್ತಾಳೆ ಎಂಬ ತಮಾಷೆ ಪೇಟೆಯಲ್ಲಿ ಹರಡಿತ್ತು. ಅದನ್ನು ಹರಡಿದವರು ಸ್ಟುಡಿಯೋದ ಯಜಮಾನ ಸುಬ್ರಾಯರೇ.

"ಬೇರೆಯವರೆಲ್ಲ ಮೌಸ್ ಹಿಡಿದು ಫೋಟೋ ತಿದ್ದೋದು. ನಮ್ಮ ನಿಶ್ಚಿತಾ ಹಾಗಲ್ಲ ಮಾರಾಯ್ರೆ, ತಾಲ್ಲೂಕಾಫೀಸಿಗೆ ಅರ್ಜಿ ಬರೆದ ಹಾಗೆ ಟಕಟಕ ಟೈಪ್ ಮಾಡ್ತದೆ. ಫೋಟೋ ಸರಿ ಆಗ್ತದೆ. ಹೆಂಗೆ ಅಂತ ನನ್ನ ಕೇಳ್ಬೇಡಿ," ಎಂದು ಅವರು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಮಾತಿನಲ್ಲಿ ಅರ್ಧ ಕೀಟಲೆ, ಇನ್ನರ್ಧ ಜಂಬ.

ನಡೆದದ್ದು ಇಷ್ಟು. ೨೦೦೫ರ ಮಳೆಗಾಲದಲ್ಲಿ ಸ್ಟುಡಿಯೋದ ಕಂಪ್ಯೂಟರಿಗೆ ವೈರಸ್ ಹೊಕ್ಕು, ಯಾರೋ ಪುಕ್ಕಟೆ ಹಾಕಿಕೊಟ್ಟಿದ್ದ ಫೋಟೋ ತಿದ್ದುವ ಸಾಫ್ಟ್‌ವೇರು ಸಮೇತ ಎಲ್ಲವೂ ಹೋಯಿತು. ಶೃಂಗೇರಿಯಲ್ಲಿ ಬಿಸಿಎ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ನಿಶ್ಚಿತಾ, ಕಾಲೇಜಿನ ಲ್ಯಾಬಿನಿಂದ ವಿಂಡೋಸಿಗೆ ಬದಲಾಗಿ ಲಿನಕ್ಸಿನ ಸೀಡಿ ತಂದು ಹಾಕಿದಳು. ಅದರೊಳಗೆ ಇಮೇಜ್‌ಮ್ಯಾಜಿಕ್ ಎಂಬ ಸಲಕರಣೆ ಇತ್ತು. ಅದಕ್ಕೆ ಕಿಟಕಿ, ಬಟನ್ನು, ಕುಂಚದ ಚಿತ್ರ ಏನೂ ಬೇಕಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಅಪ್ಪಣೆ ಬರೆದು ಎಂಟರ್ ಒತ್ತಿದರೆ ಕೆಲಸ ಮುಗಿಯುತ್ತದೆ. ಒಂದು ಮದುವೆಯ ಅಷ್ಟೂ ಫೋಟೋಗಳನ್ನು ಒಂದೇ ಅಪ್ಪಣೆಯಲ್ಲಿ ಆಲ್ಬಮ್ಮಿನ ಅಳತೆಗೆ ತಂದುಕೊಟ್ಟ ದಿನ ಸುಬ್ರಾಯರು ಬಾಯಿ ಮುಚ್ಚಿದರು. ಮಾರನೆಯ ದಿನದಿಂದ ತಮಾಷೆ ಶುರುವಾಯಿತು.

ನಿಶ್ಚಿತಾಳಿಗೆ ಆ ತಮಾಷೆಯ ಬಗ್ಗೆ ಬೇಸರವಿರಲಿಲ್ಲ. ಕಾಲೇಜಿನ ಕೊನೆಯ ವರ್ಷ ಅವಳು ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೇ ಈ ವಿಷಯ. ಅಂಕಿಗಳ ಚೌಕವೊಂದರಿಂದ ಚಿತ್ರ ತಿದ್ದುವ ಕನ್ವಲ್ಯೂಷನ್ ಫಿಲ್ಟರು ಚಿತ್ರದ ಒಳಗೆ ಏನು ಮಾಡುತ್ತದೆಂದು ಅವಳು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಬಲ್ಲಳು. ಆ ಭಾಗದಲ್ಲಿ ಅದನ್ನು ಬಲ್ಲವರು ಬೇರೆ ಯಾರೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೇಳಿಕೊಂಡು ತಿರುಗುತ್ತಿರಲಿಲ್ಲ, ಅಷ್ಟೆ.

ಮರುವರ್ಷ ಮಾಗಿಯಲ್ಲಿ ಎನ್.ಆರ್.ಪುರದಿಂದ ರಾಜಶೇಖರ್ ಬಂದರು. ಅಲ್ಲಿ ಅವರದ್ದು ಹಾರ್ಡ್‌ವೇರ್ ಅಂಗಡಿ, ಮೂಲ ಮನೆ ಶೆಟ್ಟಿಕೊಪ್ಪ. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಚೀಲದೊಳಗಿಂದ ಹಳದಿ ಬಣ್ಣಕ್ಕೆ ತಿರುಗಿದ ಪತ್ರಿಕೆಯ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಬಹಳ ಕಾಲ ಮಡಿಸಿಟ್ಟ ಕಾಗದ. ಮಡಿಕೆ ಬಿದ್ದಲ್ಲೆಲ್ಲ ಮಸಿ ಉದುರಿ ಅಡ್ಡಡ್ಡ ಬಿಳಿ ಗೆರೆಗಳು ಮೂಡಿದ್ದವು. ಚಿತ್ರದಲ್ಲಿ ಒಂದು ಜೀಪು, ಜೀಪಿನ ಸ್ಟೀರಿಂಗ್ ಹಿಡಿದು ಕುಳಿತ ಹೆಂಗಸು. ಕೆಳಗೆ 'ಶೆಟ್ಟಿಕೊಪ್ಪದಲ್ಲಿ ಮಹಿಳೆಯೊಬ್ಬರು ಜೀಪು ಚಲಾಯಿಸುತ್ತಿರುವುದು' ಎಂದು ಅಚ್ಚಾಗಿತ್ತು. ಹೆಸರಿಲ್ಲ.

"ನಮ್ಮಮ್ಮ," ಎಂದರು ರಾಜಶೇಖರ್. "ಅಪ್ಪ ಹರಾಜಲ್ಲಿ ಮಿಲಿಟರಿ ಜೀಪು ತಗೊಂಡ್ರು. ಅಂಗಡಿ ಸಾಮಾನು ತರಕ್ಕೆ ಅಂತ. ಆದ್ರೆ ಅಪ್ಪಂಗೆ ಬಿಡಕ್ಕೆ ಬರ್ಲೇ ಇಲ್ಲ. ಕಲಿಯೋವಾಗ ಮೂರು ಸಲ ಗದ್ದೆಗೆ ಇಳಿಸಿದ್ರು. ನಾಲ್ಕನೇ ಸಲ ಅಮ್ಮ, 'ನೀವು ಪಕ್ಕಕ್ಕೆ ಸರೀರಿ' ಅಂದ್ಲು."

"ಬಿಟ್ರಾ?" ಎಂದರು ಸುಬ್ರಾಯರು.

"ಹದಿನಾಲ್ಕು ವರ್ಷ ಬಿಟ್ಲು. ಆದ್ರೆ ಈಗ ಹೇಳಿದ್ರೆ ಯಾರು ನಂಬ್ತಾರೆ? ನಮ್ಮ ಬೀದಿಲೇ ಕೆಲವರು, ಅದು ಯಾರೋ ಎಸ್ಟೇಟಿನ ಮೇಡಮ್ಮು, ನಿಮ್ಮಮ್ಮ ಅಲ್ಲ ಅಂತಾರೆ. ಮುಖ ನೋಡಿ ಹೇಳಣ ಅಂದ್ರೆ ಮುಖ ಎಲ್ಲಿದೆ? ಬರೀ ಚುಕ್ಕೆ."

ಅದು ನಿಜ. ಹಳೆಯ ಪತ್ರಿಕೆಯ ಚಿತ್ರವೆಂದರೆ ಮಸಿಯ ಚುಕ್ಕೆಗಳ ಗುಂಪು. ದೂರದಿಂದ ಮನುಷ್ಯರಂತೆ ಕಾಣುತ್ತದೆ. ಹತ್ತಿರ ತಂದರೆ ರಾಗಿ ಚೆಲ್ಲಿದ ಹಾಗೆ. ದೊಡ್ಡದು ಮಾಡಿದಷ್ಟೂ ಚುಕ್ಕೆಗಳೇ ದೊಡ್ಡವಾಗುತ್ತವೆ.

ಈಗ ಆ ಚಿತ್ರದ ಜರೂರು ಏನೆಂದರೆ, ಶೆಟ್ಟಿಕೊಪ್ಪದ ಸ್ತ್ರೀಶಕ್ತಿ ಸಂಘದವರು ತಮ್ಮ ಉಪ್ಪಿನಕಾಯಿ, ಹಪ್ಪಳ ಸಾಗಿಸಲು ಒಂದು ವ್ಯಾನು ಕೊಂಡಿದ್ದರು. ಅದನ್ನು ಓಡಿಸಲು ಸಂಘದ ಇಬ್ಬರು ಹೆಂಗಸರೇ ಕಲಿಯುತ್ತಿದ್ದರು. ಸಂಘದ ಅಧ್ಯಕ್ಷೆ ಪ್ರೇಮಕ್ಕ ಬಂದು, ವ್ಯಾನಿನ ಪೂಜೆಯ ದಿನ ರಾಜಶೇಖರರ ತಾಯಿ ಅನ್ನಪೂರ್ಣಮ್ಮನ ಜೀಪಿನ ಚಿತ್ರವನ್ನು ಸಂಘದ ಕೋಣೆಯಲ್ಲಿ ದೊಡ್ಡದಾಗಿ ಹಾಕಬೇಕೆಂದು ಕೇಳಿದ್ದಳು. ಇದೊಂದು ಚಿತ್ರ ಬಿಟ್ಟರೆ ಜೀಪಿನಲ್ಲಿ ಅನ್ನಪೂರ್ಣಮ್ಮ ಕುಳಿತ ಬೇರೆ ಚಿತ್ರವಿಲ್ಲ. ಗೋಡೆಯ ಮೇಲಿನ ಮುಖ ನೋಡಿ ಜನ 'ಹೌದು, ಇವರೇ' ಎನ್ನಬೇಕು. ಇಲ್ಲವಾದರೆ ಹಾಕದಿರುವುದೇ ಮೇಲು.

"ಆಗ್ತದಾ?" ಎಂದು ರಾಜಶೇಖರ್ ಕೇಳಿದರು.

"ಮುಖ ಚುಕ್ಕೆಯೊಳಗೇ ಇದೆ ಸರ್," ಎಂದಳು ನಿಶ್ಚಿತಾ. "ಹೊರಗೆ ತರ್ಬೇಕು ಅಷ್ಟೆ. ನಾನು ಏನೂ ಬಿಡಿಸೋದಿಲ್ಲ."

ಆ ಮಾತಿನಲ್ಲಿ ಸ್ವಲ್ಪ ಗತ್ತು ಇತ್ತು. ಅವಳಿಗೂ ಅದು ಕೇಳಿಸಿತು.

ಕಾಗದದ ತುಂಡನ್ನು ಸ್ಕ್ಯಾನರಿನ ಗಾಜಿನ ಮೇಲೆ ಸಮವಾಗಿ ಇಟ್ಟು, ಅದು ಕೊಡುವ ಅತಿ ಹೆಚ್ಚಿನ ವಿವರದಲ್ಲಿ ಚಿತ್ರ ತೆಗೆದಳು. ಕಪ್ಪು ಪರದೆಯ ಮೇಲೆ ಮೊದಲ ಅಪ್ಪಣೆ ಬರೆದಳು. ಕನ್ವಾಲ್ವ್ ಎಂಬ ಪದದ ಮುಂದೆ ಒಂದು ಚೌಕದಷ್ಟು ಅಂಕಿಗಳು, ಎಲ್ಲವೂ ಒಂದು. ಆ ಚೌಕ ಚಿತ್ರದ ಒಂದೊಂದು ಬಿಂದುವಿನ ಮೇಲೂ ಕೂರುತ್ತದೆ. ಸುತ್ತಲಿನ ಬಿಂದುಗಳ ಕಪ್ಪು ಬಿಳುಪನ್ನು ಕೂಡಿಸಿ, ಸರಾಸರಿ ತೆಗೆದು, ನಡುವಿನ ಬಿಂದುವಿಗೆ ಕೊಡುತ್ತದೆ. ನಂತರ ಪಕ್ಕದ ಬಿಂದುವಿಗೆ ಸರಿಯುತ್ತದೆ. ಹೀಗೆ ಇಡೀ ಚಿತ್ರ. ಮಸಿಯ ಚುಕ್ಕೆಯೂ ನಡುವಿನ ಬಿಳಿ ಜಾಗವೂ ಕಲೆತು ಬೂದು ಬಣ್ಣವಾಗುತ್ತವೆ. ಚುಕ್ಕೆ ದಟ್ಟವಿದ್ದಲ್ಲಿ ಕಡು ಬೂದು, ವಿರಳವಿದ್ದಲ್ಲಿ ತಿಳಿ ಬೂದು.

ಎಂಟರ್ ಒತ್ತಿದಳು. ಚುಕ್ಕೆಗಳು ಹೋದವು. ಕೆನ್ನೆ ಬಂತು, ಮೂಗು ಬಂತು, ಬಿಗಿದ ತುಟಿ ಬಂತು.

"ಅಬ್ಬ!" ಎಂದರು ಹಿಂದೆ ನಿಂತಿದ್ದ ಸುಬ್ರಾಯರು. "ಎಂತ ಮಾಡ್ದೆ ಮಾರಾಯ್ತಿ?"

"ಟೈಪ್ ಮಾಡ್ದೆ ಸರ್."

ಇನ್ನು ಮಡಿಕೆಯ ಗೆರೆಗಳು ಉಳಿದಿದ್ದವು. ಒಂದು ಜೀಪಿನ ಬಾನೆಟ್ಟಿನ ಮೇಲೆ, ಒಂದು ಹೆಂಗಸಿನ ತಲೆಯ ಮೇಲೆ, ಅದರ ಕೆಳಗೆ ಹಣೆಯ ಮೇಲೂ ಕೆಲವು. ಎಲ್ಲವೂ ಅಡ್ಡ, ಎಲ್ಲವೂ ಬಿಳಿ. ನಿಶ್ಚಿತಾ ಅಂಕಿಗಳ ಇನ್ನೊಂದು ಚೌಕ ಮಾಡಿದಳು. ನಡುವಿನ ಕಂಬಸಾಲಿನಲ್ಲಿ ಮಾತ್ರ ಒಂದು, ಉಳಿದೆಡೆ ಸೊನ್ನೆ. ಇದು ಮೇಲಿನ ಮತ್ತು ಕೆಳಗಿನ ಬಿಂದುಗಳನ್ನಷ್ಟೇ ಕಲೆಸುತ್ತದೆ. ಅಡ್ಡ ಗೆರೆಗಳು ಅದರ ಪಾಲಿಗೆ ಸುಲಭದ ತುತ್ತು. ಗೆರೆಗಳಿದ್ದ ಜಾಗವನ್ನಷ್ಟೇ ಆರಿಸಿ ಮತ್ತೆ ಮತ್ತೆ ಓಡಿಸಿದಳು. ಕೊನೆಯಲ್ಲಿ, ನಡುವೆ ದೊಡ್ಡ ಅಂಕಿಯೂ ಸುತ್ತ ಋಣ ಅಂಕಿಗಳೂ ಇರುವ ಚೌಕದಿಂದ ಅಂಚುಗಳನ್ನು ಚೂಪು ಮಾಡಿದಳು. ಗೆರೆಯಿಲ್ಲದ ನುಣುಪಾದ ಹಣೆ, ಸ್ಪಷ್ಟವಾದ ಮುಖ. ಅಷ್ಟು ಚಂದದ ಕೆಲಸ ತಾನು ಹಿಂದೆ ಮಾಡಿರಲಿಲ್ಲ ಎಂದು ಅವಳಿಗೆ ಅನಿಸಿತು.

ಚಿತ್ರ ತೆಗೆದುಕೊಂಡು ಹೋಗಲು ರಾಜಶೇಖರ್ ಬಂದಾಗ ಅಮ್ಮನನ್ನೂ ಕರೆತಂದಿದ್ದರು. ಅನ್ನಪೂರ್ಣಮ್ಮನಿಗೆ ಎಪ್ಪತ್ತು ದಾಟಿತ್ತು. ನೆಟ್ಟಗಿನ ಬೆನ್ನು, ದೊಡ್ಡ ಕಪ್ಪು ಚೌಕಟ್ಟಿನ ಕನ್ನಡಕ, ಹಣೆಯ ತುಂಬ ಮೂರು ಗೆರೆ ವಿಭೂತಿ. ಕುರ್ಚಿ ಕೊಟ್ಟರೆ ಕೂರದೆ, ಪ್ರಿಂಟನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಯಾರಿದು?" ಎಂದರು.

ರಾಜಶೇಖರ್ ನಕ್ಕರು. "ನೀನೇ ಅಮ್ಮ."

"ಮೂಗು ನಂದು ಹೌದು. ಆದ್ರೆ ಇದು ನಾನಲ್ಲ." ಪ್ರಿಂಟನ್ನು ಮೇಜಿನ ಮೇಲೆ ಇಟ್ಟರು. "ಬೋಳು ಹಣೆ ಇಟ್ಕೊಂಡು ನಾನು ಯಾವತ್ತು ಹೊಸ್ತಿಲು ದಾಟಿದ್ದೆ ಹೇಳು? ಸ್ನಾನ ಆಗ್ಬೇಕು, ಲಿಂಗಪೂಜೆ ಆಗ್ಬೇಕು, ವಿಭೂತಿ ಹಚ್ಬೇಕು, ಆಮೇಲೆ ಜೀಪು. ಊರಲ್ಲಿ ಇದನ್ನ ನೋಡಿದವ್ರು ಏನಂತಾರೆ? ನಾವು ಮೊದ್ಲೇ ಹೇಳಿರ್ಲಿಲ್ವಾ, ಯಾರೋ ಎಸ್ಟೇಟಿನ ಹೆಂಗಸು ಅಂತ, ಅಂತಾರೆ."

ನಿಶ್ಚಿತಾ ಪ್ರಿಂಟಿನಿಂದ ಕಣ್ಣೆತ್ತಿ ಅನ್ನಪೂರ್ಣಮ್ಮನ ಹಣೆ ನೋಡಿದಳು. ಹಣೆಯ ಮೇಲಿನ ಬಿಳಿ ಗೆರೆಗಳು. ಅವು ಮಡಿಕೆಗಳಾಗಿರಲಿಲ್ಲ. ಅವಳ ಮನೆಯಲ್ಲಿ ಅಜ್ಜಿ ಯಮುನಮ್ಮ ಹಣೆಗೆ ಇಡುತ್ತಿದ್ದದ್ದು ಕಾಸಗಲ ಕುಂಕುಮ. ಹೆಂಗಸಿನ ಹಣೆಯಲ್ಲಿ ಅಡ್ಡ ಗೆರೆ ಕಂಡರೆ ಅದು ವಿಭೂತಿ ಇರಬಹುದೆಂದು ಅವಳಿಗೆ ಹೊಳೆದಿರಲೇ ಇಲ್ಲ.

"ಅಷ್ಟೇನಾ?" ಎಂದರು ರಾಜಶೇಖರ್. "ಸುಬ್ರಾಯರೇ, ಮೇಲಿಂದ ಮೂರು ಗೆರೆ ಎಳೆದುಬಿಡಿ. ಆಯ್ತಲ್ಲ."

"ಅದೆಂತ ದೊಡ್ಡ ಕೆಲಸ!" ಸುಬ್ರಾಯರು ಆಗಲೇ ಬಿಳಿ ಬಣ್ಣದ ಬಾಟಲಿಯನ್ನೂ ಸಪೂರ ಕುಂಚವನ್ನೂ ಹುಡುಕತೊಡಗಿದ್ದರು. ಕಪ್ಪು ಬಿಳುಪಿನ ಕಾಲದಲ್ಲಿ ಮದುಮಗಳ ಮೊಡವೆಗಳನ್ನೆಲ್ಲ ಕುಂಚದಿಂದಲೇ ವಾಸಿ ಮಾಡಿದವರು ಅವರು.

"ಬೇಡ ಸರ್," ಎಂದಳು ನಿಶ್ಚಿತಾ. "ಅಜ್ಜಿ, ವಿಭೂತಿ ಚಿತ್ರದಲ್ಲಿ ಇತ್ತು. ಅಳಿಸಿದ್ದು ನಾನು. ಕಾಗದದ ಮಡಿಕೆ ಅಂದ್ಕೊಂಡೆ."

ಅನ್ನಪೂರ್ಣಮ್ಮ ಅವಳ ಕಡೆ ತಿರುಗಿದರು. "ನನ್ನ ವಿಭೂತಿ ನಿಂಗೆ ಮಡಿಕೆ ಥರ ಕಾಣ್ತಾ?"

"ಹೌದು."

"ಯಾರ ಮನೆ ಕೂಸೇ ನೀನು?"

"ಇಲ್ಲೇ ಕೊಪ್ಪದ ಹೂವಪ್ಪಗೌಡ್ರ ಮಗಳು."

"ಹಂಗಾದ್ರೆ ನಿಂದೇನು ತಪ್ಪಿಲ್ಲ ಬಿಡು. ನಿಮ್ಮಪ್ಪ ಹಚ್ಚಿದ್ರೆ ತಾನೆ ನಿಂಗೆ ಗೊತ್ತಾಗೋದು." ಅನ್ನಪೂರ್ಣಮ್ಮನ ತುಟಿಯ ಮೂಲೆ ಸ್ವಲ್ಪ ಸಡಿಲವಾಯಿತು. ಸುಬ್ರಾಯರ ಕೈಯ ಕುಂಚದ ಮೇಲೆ ಕಣ್ಣು ಬಿದ್ದಾಗ ಮತ್ತೆ ಬಿಗಿಯಾಯಿತು. "ಅದನ್ನ ಒಳಗಿಡಿ. ಬರೆದ ವಿಭೂತಿ ನಂಗೆ ಬೇಡ. ಇವತ್ತು ಗೆರೆ ಬರೆದದ್ದು ಅಂತ ಗೊತ್ತಾದ್ರೆ, ನಾಳೆ ಮುಖಾನೂ ಬರೆದದ್ದು ಅಂತಾರೆ. ಇದ್ರೆ ಇರ್ಲಿ. ಇಲ್ದಿದ್ರೆ ಪ್ರೇಮಕ್ಕಂಗೆ ನಾನೇ ಹೇಳ್ತೀನಿ, ಚಿತ್ರ ಇಲ್ಲ ಅಂತ."

"ಇದೆ ಅಜ್ಜಿ. ಸ್ವಲ್ಪ ಕೂತ್ಕೊಳ್ಳಿ."

ಈ ಸಲ ಅನ್ನಪೂರ್ಣಮ್ಮ ಕುಳಿತರು, ಕಂಪ್ಯೂಟರಿನ ಪಕ್ಕಕ್ಕೇ ಕುರ್ಚಿ ಎಳೆಸಿಕೊಂಡು. ಟೀ ಕುಡಿದು ಬರುತ್ತೇನೆಂದು ರಾಜಶೇಖರ್ ಹೊರಗೆ ಹೋದರು.

ನಿಶ್ಚಿತಾ ಮೊದಲು ಕಂಪ್ಯೂಟರ್ ಮುಟ್ಟಲಿಲ್ಲ. ಪತ್ರಿಕೆಯ ತುಂಡನ್ನು ತೆಗೆದು ಬೆನ್ನುಮೇಲು ಮಾಡಿ ಬೆಳಕಿಗೆ ಓರೆಯಾಗಿ ಹಿಡಿದಳು. ಮಡಿಕೆ ಬಿದ್ದ ಕಡೆ ಕಾಗದ ಹಿಂದಿನಿಂದಲೂ ಏಣು ಎದ್ದಿರುತ್ತದೆ. ತಲೆಯ ಮೇಲೆ ಹಾದುಹೋದ ಗೆರೆಗೆ ಏಣು ಇತ್ತು, ಅದು ಕಾಗದದ ಈ ತುದಿಯಿಂದ ಆ ತುದಿಯವರೆಗೆ ಓಡಿತ್ತು. ಹಣೆಯ ಹಿಂದೆ ಕಾಗದ ಸಪಾಟಾಗಿತ್ತು. ಇದನ್ನು ಮೊದಲೇ ನೋಡಬೇಕಿತ್ತು. ಪರದೆಯನ್ನು ನೋಡಿದಷ್ಟು ಹೊತ್ತು ಕಾಗದವನ್ನು ನೋಡಿರಲಿಲ್ಲ.

ಸ್ಕ್ಯಾನ್ ಮಾಡಿದ ಮೂಲ ಚಿತ್ರ ಹಾಗೇ ಉಳಿದಿತ್ತು. ಈ ಸಲಕರಣೆಯ ಅಪ್ಪಣೆ ಬರೆಯುವಾಗ ಫಲಿತಾಂಶಕ್ಕೆ ಯಾವಾಗಲೂ ಬೇರೆ ಹೆಸರು ಕೊಡುವುದು ಅವಳ ಪದ್ಧತಿ. ಪರದೆಯ ಮೇಲೆ ಚುಕ್ಕೆಗಳ ಮುಖ ಮತ್ತೆ ಬಂತು.

"ಈಗೇನು ಮಾಡ್ತೀಯ?" ಎಂದರು ಅನ್ನಪೂರ್ಣಮ್ಮ.

"ಚೌಕಾಬಾರ ಆಡಿದೀರಾ ಅಜ್ಜಿ?"

"ನನ್ನ ಸೋಲಿಸಿದವ್ರು ಶೆಟ್ಟಿಕೊಪ್ಪದಲ್ಲಿ ಯಾರಿದಾರೆ ಕೇಳು."

"ಹಾಗೇ ಐದೈದು ಮನೆ. ಒಂದೊಂದು ಮನೇಲಿ ಒಂದೊಂದು ಅಂಕಿ ಇಡ್ತೀನಿ. ಆ ಮಣೆ ನಿಮ್ಮ ಮುಖದ ಮೇಲೆ ಒಂದೊಂದೇ ಚುಕ್ಕೆ ಸರೀತಾ ಹೋಗ್ತದೆ. ಯಾವ ಮನೇಲಿ ಅಂಕಿ ಇದೆಯೋ ಆ ಮನೆ ಕೆಳಗಿನ ಬಣ್ಣನ ತಗೊಂಡು ನಡುಮನೆಗೆ ಹಂಚ್ತದೆ. ಮೊನ್ನೆ ನಾನು ಅಂಕಿಗಳನ್ನ ಕಂಬದ ಹಾಗೆ ಮೇಲಿಂದ ಕೆಳಗೆ ಇಟ್ಟೆ. ಬಿಳಿ ವಿಭೂತಿ ಮೇಲಿನ ಕೆಳಗಿನ ಕಪ್ಪಿನ ಜೊತೆ ಕಲೆತುಹೋಯ್ತು."

"ಹೂಂ. ಈಗ?"

"ಈಗ ಅಡ್ಡ ಇಡ್ತೀನಿ. ನಡುಸಾಲಲ್ಲಿ ಮಾತ್ರ. ವಿಭೂತಿ ಅಡ್ಡ ಹೋಗೋದಲ್ವಾ? ವಿಭೂತಿ ವಿಭೂತಿ ಜೊತೇಲೇ ಕಲೀತದೆ, ಚರ್ಮ ಚರ್ಮದ ಜೊತೆ. ಚುಕ್ಕೆ ಮಾತ್ರ ಹೋಗ್ಬೇಕು."

ಅನ್ನಪೂರ್ಣಮ್ಮ ತಲೆಯಾಡಿಸಿದರು. "ಹೋಗ್ಬೇಕು ಅಂತೀಯ. ಹೋಗ್ತದಾ?"

"ನೋಡಣ."

ಜೀಪು, ಕೈಗಳನ್ನು ಆಮೇಲೆ ನೋಡಿದರಾಯಿತೆಂದು ಬಿಟ್ಟು, ಹಣೆ ಹೊರತು ಮುಖದ ಉಳಿದ ಭಾಗಕ್ಕೆ ಮೊದಲಿನ ಚೌಕವನ್ನೇ ಓಡಿಸಿದಳು. ನಂತರ ಹಣೆಯ ಜಾಗವನ್ನಷ್ಟೇ ಅಳತೆ ಕೊಟ್ಟು ಆರಿಸಿ, ಅಂಕಿಗಳನ್ನು ಬರೆಯತೊಡಗಿದಳು. ಎರಡು ಸಾಲು ಸೊನ್ನೆ, ಒಂದು ಸಾಲು ಒಂದು, ಮತ್ತೆ ಎರಡು ಸಾಲು ಸೊನ್ನೆ. ಸುಬ್ರಾಯರು ಕುಂಚ ಹಿಡಿದೇ ಹಿಂದೆ ನಿಂತಿದ್ದರು. ಎಂಟರ್ ಒತ್ತಿ, ಬಂದ ಚಿತ್ರ ತೆರೆದಳು.

ಮೊದಲ ಗೆರೆ ಬಂದಿತ್ತು. ಮಂಕಾಗಿ, ಆದರೆ ಹಣೆಯ ಈ ಬದಿಯಿಂದ ಆ ಬದಿಯವರೆಗೆ. ತುದಿಗಳಲ್ಲಿ ಬೆರಳು ಎತ್ತಿದ ಹಾಗೆ ಸಪೂರವಾಗಿ ನಿಂತಿತ್ತು. ಮಡಿಕೆಯಾಗಿದ್ದರೆ ಅದು ಅಲ್ಲಿ ನಿಲ್ಲುತ್ತಿರಲಿಲ್ಲ. ಎರಡನೆಯದೂ ಹಾಗೇ. ಮೂರನೆಯದು ಅವರ ಎಡಗಣ್ಣಿನ ಮೇಲಿಂದ ಹೊರಟು ಹುಬ್ಬಿನ ನಡುವಿನತನಕ ಬಂದು, ಅಲ್ಲಿ ಕಡಿದುಹೋಗಿತ್ತು. ಬಲಗಣ್ಣಿನ ಮೇಲೆ ಬರೀ ಹಣೆ.

ನಿಶ್ಚಿತಾ ಆ ಜಾಗವನ್ನು ಮೂಲದಲ್ಲಿ ಹಿಗ್ಗಿಸಿ ನೋಡಿದಳು. ಅಂಕಿಗಳನ್ನು ಬದಲಿಸಿ ಮತ್ತೊಮ್ಮೆ ಓಡಿಸಿದಳು. ಅಲ್ಲಿ ಏನೂ ಬರಲಿಲ್ಲ.

"ಅದೊಂದು ಚೂರು ನಾನು ಸೇರಿಸ್ತೀನಿ ಬಿಡೇ," ಎಂದರು ಸುಬ್ರಾಯರು ಮೆಲ್ಲಗೆ. "ಎರಡೂವರೆ ಗೆರೆ ಇದೆ. ಅರ್ಧ ಗೆರೆಗೆ ಯಾರು ಲೆಕ್ಕ ಕೇಳ್ತಾರೆ?"

ಕೇಳುವವರು ಪಕ್ಕದಲ್ಲೇ ಕುಳಿತಿದ್ದರು. ನಿಶ್ಚಿತಾಳಿಗೆ ಒಂದು ಕ್ಷಣ ಆಸೆಯಾಯಿತು. ಒಂದು ಗೀಟು ಎಳೆಯುವ ಅಪ್ಪಣೆ ಈ ಸಲಕರಣೆಯಲ್ಲೂ ಇದೆ. ಅಜ್ಜಿ ಅರ್ಧ ಗೆರೆಯನ್ನು ಒಪ್ಪದಿದ್ದರೆ ಚಿತ್ರ ಗೋಡೆಗೆ ಏರುವುದಿಲ್ಲ. ಆದರೂ ಕೀಬೋರ್ಡಿನಿಂದ ಕೈ ತೆಗೆದಳು.

"ಕಾಗದದಲ್ಲಿ ಇರೋದು ಇಷ್ಟೇ ಅಜ್ಜಿ. ಇಲ್ಲದ್ದನ್ನ ನಾನು ತರಕ್ಕಾಗಲ್ಲ."

ಅನ್ನಪೂರ್ಣಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಪರದೆಯ ಹತ್ತಿರ ಬಾಗಿದರು. ಬೆರಳಿನಿಂದ ಮೊದಲ ಗೆರೆ, ಎರಡನೆಯ ಗೆರೆ ಮುಟ್ಟಿದರು. ಮೂರನೆಯದರ ಕಡಿದ ಜಾಗದಲ್ಲಿ ಬೆರಳು ನಿಂತಿತು.

ಆಮೇಲೆ ಅವರು ನಕ್ಕರು. ಹಲ್ಲು ಕಾಣುವ ಹಾಗೆ, ಹೆಗಲು ಅಲುಗುವ ಹಾಗೆ.

ಅಷ್ಟರಲ್ಲಿ ರಾಜಶೇಖರ್ ಒಳಗೆ ಬಂದಿದ್ದರು. "ಏನಾಯ್ತಮ್ಮ?"

"ಬಾರೋ ಇಲ್ಲಿ. ನೋಡಿದೆಯಾ? ಆವತ್ತು ಬೆಳಿಗ್ಗೆ ಆ ದರಿದ್ರ ಜೀಪು ಸ್ಟಾರ್ಟೇ ಆಗ್ಲಿಲ್ಲ. ಮುಂದ್ಗಡೆ ಹ್ಯಾಂಡಲ್ ಹಾಕಿ ತಿರುಗ್ಸಿ ತಿರುಗ್ಸಿ ನನ್ನ ರಟ್ಟೆ ಬಿದ್ದೋಯ್ತು. ನಿಮ್ಮಪ್ಪ ಜಗಲಿ ಮೇಲೆ ನಿಂತು, 'ಜೋರಾಗಿ, ಇನ್ನೂ ಜೋರಾಗಿ' ಅಂತ ಹೇಳಿದ್ದೊಂದೇ ಬಂತು. ಬೆವರು ಕಣ್ಣಿಗೆ ಇಳೀತು. ಹಿಂಗೆ ಒರೆಸ್ಕೊಂಡೆ." ಬಲಗೈಯ ಮುಂಗೈಯನ್ನು ಹಣೆಯ ಬಲಭಾಗಕ್ಕೆ ತಂದು ಎಳೆದು ತೋರಿಸಿದರು. "ಹತ್ತಿ ಕೂತೆ, ಗೇರ್ ಹಾಕ್ದೆ. ಆ ಪೇಪರಿನವನು ಎಲ್ಲಿದ್ನೋ, ಆಗ್ಲೇ ಫೋಟೋ ಹೊಡ್ದ. ಒಳಗೆ ಹೋಗಿ ಸರಿಯಾಗಿ ಹಚ್ಕೊಂಡು ಬರ್ತೀನಿ ಇರಪ್ಪ ಅಂದ್ರೆ ಎಲ್ಲಿ ಕೇಳ್ದ!"

"ಅದು ನಂಗೂ ಹೇಳಿರ್ಲಿಲ್ಲ ನೀನು," ಎಂದರು ರಾಜಶೇಖರ್.

"ಮರ್ತೇ ಹೋಗಿತ್ತು. ಈ ಕೂಸು ನೆನಪು ಮಾಡ್ತು." ಪರದೆಯಿಂದ ಕಣ್ಣು ತೆಗೆಯದೆಯೇ ಅವರು ಮಗನ ತೋಳು ಹಿಡಿದರು. "ಇದು ನಾನೇ ಕಣೋ."

ಸುಬ್ರಾಯರು ಕುಂಚವನ್ನು ಬಾಟಲಿಯ ಪಕ್ಕ ಇಟ್ಟರು. ನಿಶ್ಚಿತಾಳ ಕುರ್ಚಿಯ ಬೆನ್ನನ್ನು ಎರಡು ಸಲ ತಟ್ಟಿದರು. ಅವಳಿಗೆ ಅಷ್ಟೇ ಸಾಕಾಗಿತ್ತು. ಅರ್ಧ ಗೆರೆಯನ್ನು ಅರ್ಧಕ್ಕೇ ಬಿಟ್ಟ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡಳು. ಇಂಥ ಹೆಮ್ಮೆ ಯಾವ ಪರೀಕ್ಷೆಯ ಅಂಕಪಟ್ಟಿ ನೋಡಿದಾಗಲೂ ಆಗಿರಲಿಲ್ಲ.

"ಪ್ರಿಂಟ್ ಹಾಕ್ಲಾ ಅಜ್ಜಿ?"

"ತಡಿ, ತಡಿ. ಅವಸರ ಎಂತದು?" ಅನ್ನಪೂರ್ಣಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಆ ಸ್ಟೀರಿಂಗಿನ ಹತ್ರ ಕೈ ಇನ್ನೂ ಬರೀ ಚುಕ್ಕೆ ಥರ ಇದೆ ನೋಡು. ವ್ಯಾನು ಕಲಿಯೋ ಆ ಹೆಣ್ಮಕ್ಳು ನೋಡ್ಬೇಕಾದ್ದೇ ಅದನ್ನ. ಪ್ರೇಮಕ್ಕ ಹೇಳ್ತಿದ್ಲು, ಇಬ್ರೂ ಹೆದ್ರಿಕೊಂಡು ಸ್ಟೀರಿಂಗನ್ನ ಹಾವು ಹಿಡ್ದಂಗೆ ಹಿಡೀತಾರಂತೆ. ನನ್ನ ಕೈ ತೆಗಿ. ಹೆಂಗೆ ಹಿಡ್ದಿದೀನಿ ಅಂತ ಕಾಣ್ಲಿ."

"ಅದು ದುಂಡಗಿದೆ ಅಜ್ಜಿ. ಅಡ್ಡಸಾಲೂ ಆಗಲ್ಲ, ಕಂಬಸಾಲೂ ಆಗಲ್ಲ."

"ಮತ್ತೆ?"

"ನಡುಮನೇಲಿ ದೊಡ್ಡ ಅಂಕಿ ಇಟ್ಟು, ಸುತ್ತ ಕಡಿಮೆ ಕಡಿಮೆ ಮಾಡ್ತಾ ಹೋಗ್ಬೇಕು."

"ಮಾಡು ಮತ್ತೆ. ನನ್ನ ಮುಖ ಏನು ನೋಡ್ತೀಯ?"

ನಿಶ್ಚಿತಾ ಕಪ್ಪು ಪರದೆಯ ಕಡೆ ತಿರುಗಿ ಅಂಕಿಗಳನ್ನು ಬರೆಯತೊಡಗಿದಳು. ಅವಳು ಒಂದೊಂದು ಅಂಕಿ ಒತ್ತಿದಾಗಲೂ ಅನ್ನಪೂರ್ಣಮ್ಮ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಕೊನೆಯ ಅಂಕಿ ಮುಗಿದಾಗ, ಯಾರೂ ಹೇಳದೆಯೇ, ಅವರೇ ಬೆರಳು ಚಾಚಿ ಎಂಟರ್ ಒತ್ತಿದರು. ಚುಕ್ಕೆಗಳು ಕರಗಿದ ಕಡೆ ಗೆಣ್ಣು ಗೆಣ್ಣಾದ ಒಂದು ಕೈ ಮೂಡಿತು. ಬಳೆ ಮೊಣಕೈ ಕಡೆಗೆ ಸರಿದಿತ್ತು. ಹೆಬ್ಬೆರಳು ಸ್ಟೀರಿಂಗಿನ ಮೇಲೆ ಸಡಿಲವಾಗಿ ಕೂತಿತ್ತು, ಹೆದರಿಕೆಯ ಸುಳಿವಿಲ್ಲದೆ.